'ಸುಮ್ನೆ ಕೂತಿದ್ದೆ' ಅನ್ನೋಕೆ ಇಂಗ್ಲಿಷಿನಲ್ಲಿ ಯಾವ ಪದ?

ಪ್ರಶ್ನೆ: ನಮಸ್ಕಾರ ಸರ್. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪ್ರವಾಸಿಗರು ಉಳಿದುಕೊಳ್ಳುವ ಜಾಗಗಳ ಬಗ್ಗೆ ಇಂಗ್ಲಿಷಿನಲ್ಲಿ ಪರಿಚಯ ಬರೆಯುವ ಕೆಲಸಕ್ಕೆ ಈಚೆಗೆ ಸೇರಿದ್ದೇನೆ. ಅತಿಥಿಗಳು ತೋಟದಲ್ಲಿ ಆರಾಮಾಗಿ ಅಡ್ಡಾಡಬಹುದು, ಲೌಂಜಿನಲ್ಲಿ ಸುಮ್ನೆ ಕೂತು ಹೊತ್ತು ಕಳೆಯಬಹುದು ಅನ್ನುವ ಅರ್ಥದಲ್ಲಿ 'ಗೆಸ್ಟ್ಸ್ ಕ್ಯಾನ್ ಲಾಯ್ಟರ್ ಇನ್ ದ ಗಾರ್ಡನ್ ಅಂಡ್ ಐಡಲ್ ಇನ್ ದ ಲೌಂಜ್' ಅಂತ ಬರೆದೆ. ಎರಡೂ ಪದ ಸಮಾನಾರ್ಥಕಗಳ ಪಟ್ಟಿಯಲ್ಲಿ ಇದ್ದವು. ಸಂಪಾದಕರು ಎರಡನ್ನೂ ಹೊಡೆದು ಹಾಕಿದರು, ಕಾರಣ ಹೇಳಲಿಲ್ಲ. ಆವತ್ತಿನಿಂದ ಹೆದರಿ ಎಲ್ಲ ಕಡೆ 'ರಿಲ್ಯಾಕ್ಸ್' ಅಂತಲೇ ಬರೆಯುತ್ತಿದ್ದೇನೆ. ಈಗ ಅದಕ್ಕೂ ಆಕ್ಷೇಪ, ಒಂದೇ ಪದ ಎಷ್ಟು ಸಲ ಅಂತ. ಇವುಗಳ ವ್ಯತ್ಯಾಸ ತಿಳಿಯೋದು ಹೇಗೆ? ಪದದ ಮೂಲ ಗೊತ್ತಿದ್ದರೆ ಅನುಕೂಲವಾ? ಲೌಂಜ್ ಅನ್ನೋದು 'ಲಾಂಗ್'ನಿಂದ ಬಂತು, ಸ್ಪಾ ಅನ್ನೋದು ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅಂತೆಲ್ಲ ಓದಿದ್ದೇನೆ, ನಿಜವಾ? ಲೌಂಜ್, ಲಾಬಿ, ಪಾರ್ಲರ್ ಎಲ್ಲ ಒಂದೇನಾ? ಸೋಫಾ, ಕೌಚ್ ಬೇರೆ ಬೇರೆಯಾ? ಕೊನೆಯದಾಗಿ, ಬಿಡುವಿಗೆ ಹೇಳೋ ಪದ ಲೆಷರ್ರಾ, ಲೀಷರ್ರಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಐದಾರು ಪ್ರಶ್ನೆ ಇವೆ, ಆದರೆ ಕಷ್ಟ ಒಂದೇ. ಪಟ್ಟಿ ಸಮಾನ ಅನ್ನುತ್ತದೆ, ಸಂಪಾದಕರು ಅಲ್ಲ ಅನ್ನುತ್ತಾರೆ, ಯಾರನ್ನು ನಂಬೋದು ಅಂತ ನಿಮಗೆ ಗೊತ್ತಾಗುತ್ತಿಲ್ಲ. ಸಂಪಾದಕರು ಹೇಳಿದ್ದು ಸರಿ. ಪಟ್ಟಿಯೂ ಸುಳ್ಳು ಹೇಳಿಲ್ಲ. ಅದು ಅರ್ಥದ ಅರ್ಧ ಭಾಗ ಮಾತ್ರ ಹೇಳಿದೆ. ಕನ್ನಡದಿಂದ ಇಂಗ್ಲಿಷಿಗೆ ಬಂದವರ ಬರಹ ತಿದ್ದುವುದೇ ನನ್ನ ದಿನದ ಕೆಲಸ. ವ್ಯಾಕರಣದಲ್ಲಿ ಒಂದು ತಪ್ಪೂ ಮಾಡದವರು ಕೂಡ ಇದೇ ಜಾಗದಲ್ಲಿ ಎಡವುತ್ತಾರೆ. ಹಾಗಾಗಿ ಇದನ್ನು ನಿಮ್ಮ ಕನ್ನಡ ಮಾಧ್ಯಮದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಕನ್ನಡದಲ್ಲೇ ನೋಡಿ. ಒಬ್ಬ ಮಧ್ಯಾಹ್ನ ಚಾಪೆ ಮೇಲೆ ಇದ್ದಾನೆ. 'ಮಲಗಿದ್ದಾನೆ' ಅನ್ನಬಹುದು, 'ಸ್ವಲ್ಪ ಅಡ್ಡಾಗಿದ್ದಾನೆ' ಅನ್ನಬಹುದು, 'ಬಿದ್ಕೊಂಡಿದ್ದಾನೆ' ಅಂತಲೂ ಅನ್ನಬಹುದು. ಮೈ ಅದೇ, ಚಾಪೆ ಅದೇ. ಹೇಳುವವರಿಗೆ ಅವನ ಮೇಲೆ ಪ್ರೀತಿ ಇದೆಯಾ, ಸಿಟ್ಟಿದೆಯಾ ಅನ್ನೋದಷ್ಟೇ ಬದಲಾಗಿದ್ದು. ನೆಂಟರ ಬಗ್ಗೆ 'ಬಿದ್ಕೊಂಡಿದ್ದಾರೆ' ಅಂತ ನೀವು ಯಾವತ್ತೂ ಬರೆಯಲ್ಲ, ಅದನ್ನು ಯಾರೂ ನಿಮಗೆ ಪಾಠ ಮಾಡಿಲ್ಲ. ಇಂಗ್ಲಿಷಿನಲ್ಲಿ ಕೆಲಸವಿಲ್ಲದೆ ಇರೋದಕ್ಕೆ ಇಂಥ ಪದಗಳು ರಾಶಿ ರಾಶಿ ಇವೆ, ಮತ್ತು ಹೆಚ್ಚಿನವು ಪಕ್ಕದಲ್ಲಿ ನಿಂತು ನೋಡುವವರ ಬಾಯಿಂದ ಹುಟ್ಟಿದವು. ಯಜಮಾನ ಆಳಿನ ಬಗ್ಗೆ, ಪೊಲೀಸು ಬೀದಿಯಲ್ಲಿ ನಿಂತವನ ಬಗ್ಗೆ, ಮೇಷ್ಟ್ರು ಹುಡುಗರ ಬಗ್ಗೆ ಆಡಿದ ಮಾತುಗಳು. ಒಂದು ಪದ ಆರಿಸುವ ಮೊದಲು ಇಷ್ಟೇ ಕೇಳಿಕೊಳ್ಳಿ: ಇದು ಆರಾಮಾಗಿ ಇರುವವನು ತನ್ನ ಬಗ್ಗೆ ಹೇಳಿಕೊಳ್ಳುವ ಪದವಾ, ಅವನನ್ನು ನೋಡಿ ಮುಖ ಸಿಂಡರಿಸುವವನು ಹೇಳುವ ಪದವಾ?

'ಲಾಯ್ಟರ್' ಈ ಎರಡನೇ ಜಾತಿಯದು. ಮಧ್ಯಕಾಲದ ಡಚ್ ಭಾಷೆಯ 'ಲೋಟರೆನ್' ಇದರ ಮೂಲ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಸಡಿಲವಾಗಿ ಅಲ್ಲಾಡು ಅಂತ ಅರ್ಥ, ಅಲುಗಾಡುವ ಹಲ್ಲಿನ ಹಾಗೆ. ಆದರೆ ಇವತ್ತು ಇಂಗ್ಲಿಷ್ ಓದುಗರಿಗೆ ಈ ಪದ ಕಂಡಾಗ ಹಲ್ಲು ನೆನಪಾಗಲ್ಲ, ಗೋಡೆ ಮೇಲಿನ 'ನೋ ಲಾಯ್ಟರಿಂಗ್' ಫಲಕ ನೆನಪಾಗುತ್ತದೆ. ಇದು ಕಾನೂನಿನ ಪದವೂ ಹೌದು. ಅಮೆರಿಕದ ಶಿಕಾಗೋ ನಗರ 1992ರಲ್ಲಿ ಗ್ಯಾಂಗ್‌ಗಳನ್ನು ಹತ್ತಿಕ್ಕೋಕೆ ಒಂದು ನಿಯಮ ತಂದಿತು. ಅದರಲ್ಲಿ ಲಾಯ್ಟರ್ ಅಂದರೆ ಏನು ಅಂತ ವಿವರಣೆ ಇತ್ತು: ಕಣ್ಣಿಗೆ ಕಾಣುವ ಯಾವ ಉದ್ದೇಶವೂ ಇಲ್ಲದೆ ಒಂದೇ ಜಾಗದಲ್ಲಿ ಇರುವುದು. ಅಂದರೆ ನಮ್ಮ 'ಸುಮ್ನೆ ನಿಂತಿದ್ದೆ'! ಇಷ್ಟು ಅಸ್ಪಷ್ಟವಾದ ಮಾತಿನ ಮೇಲೆ ಜನರನ್ನು ಹಿಡಿಯೋಕಾಗಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1999ರಲ್ಲಿ ಅದನ್ನು ರದ್ದು ಮಾಡಿತು. ನಿಯಮ ಹೋಯಿತು, ಪದಕ್ಕೆ ಅಂಟಿದ ಅನುಮಾನ ಹೋಗಲಿಲ್ಲ. ನೀವು ಬರೆದದ್ದು ಓದಿದವರಿಗೆ ಅತಿಥಿಗಳು ತೋಟದಲ್ಲಿ ಹೊಂಚು ಹಾಕುತ್ತಾ ನಿಂತ ಚಿತ್ರ ಬರುತ್ತದೆ. ಸಂಪಾದಕರು ಹೊಡೆದು ಹಾಕಿದ್ದು ಅದಕ್ಕೇ.

'ಐಡಲ್' ಸ್ವಲ್ಪ ಬೇರೆ ಕಥೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಖಾಲಿ, ಪೊಳ್ಳು, ಉಪಯೋಗವಿಲ್ಲದ್ದು. ಆ ಅರ್ಥ ಇನ್ನೂ ಬದುಕಿದೆ. 'ಐಡಲ್ ಥ್ರೆಟ್' ಅಂದರೆ ಪೊಳ್ಳು ಬೆದರಿಕೆ, 'ಐಡಲ್ ಗಾಸಿಪ್' ಅಂದರೆ ಹುರುಳಿಲ್ಲದ ಹರಟೆ. ಮನುಷ್ಯರಿಗೆ ಹೇಳಿದಾಗ ಬ್ರಿಟನ್ನಿನಲ್ಲಿ ಅದು ಮೈಗಳ್ಳ ಅನ್ನೋದಕ್ಕೆ ಹತ್ತಿರ. ಇಂಗ್ಲೆಂಡಿನ 1824ರ ಅಲೆಮಾರಿಗಳ ಕಾಯ್ದೆಯಲ್ಲಿ 'ಐಡಲ್ ಅಂಡ್ ಡಿಸಾರ್ಡರ್ಲಿ ಪರ್ಸನ್' ಅಂತ ಒಂದು ಅಪರಾಧಿ ವರ್ಗವೇ ಇತ್ತು. ಭಿಕ್ಷೆ ಬೇಡುವವರು, ಪರವಾನಗಿ ಇಲ್ಲದೆ ತಿರುಗಿ ಮಾರುವವರು ಎಲ್ಲ ಅದರೊಳಗೆ. ಇನ್ನು ಯಂತ್ರಕ್ಕೆ ಹೇಳಿದರೆ ಅದರಲ್ಲಿ ಬೈಗುಳ ಇಲ್ಲ. ಕಾರ್ಖಾನೆಯ ಮಷಿನ್ ಕೆಲಸವಿಲ್ಲದೆ ನಿಂತಿದ್ದರೂ ಐಡಲ್, ಗಾಡಿ ನಿಂತಲ್ಲೇ ಇದ್ದು ಇಂಜಿನ್ ಓಡುತ್ತಿದ್ದರೂ ಐಡಲ್. ನಿಮ್ಮ 'ಐಡಲ್ ಇನ್ ದ ಲೌಂಜ್' ಓದಿದವರಿಗೆ ಮೊದಲು ಕೇಳಿಸೋದು ಇಂಜಿನ್ನಿನ ಸದ್ದು. ಆದರೆ 'ಐಡಲ್ ಅವೇ ಆನ್ ಆಫ್ಟರ್‌ನೂನ್' ಅಂತ ಬರೆದರೆ ಒಳ್ಳೆಯ ಅರ್ಥವೇ ಬರುತ್ತದೆ, ಒಂದು ಮಧ್ಯಾಹ್ನವನ್ನು ಖುಷಿಯಾಗಿ ಹಾಗೇ ಕಳೆದುಬಿಡೋದು. ಇಂಥದ್ದನ್ನು ಯಾವ ಪಟ್ಟಿಯೂ ಹೇಳಿಕೊಡಲ್ಲ. ಪದ ಯಾರ ಜೊತೆ ಓಡಾಡುತ್ತದೆ ಅಂತ ನೋಡಿಯೇ ಕಲಿಯಬೇಕು.

ನಿಮ್ಮ ವಾಕ್ಯ ಈಗಲೇ ಸರಿ ಮಾಡಿಬಿಡೋಣ. 'ಗೆಸ್ಟ್ಸ್ ಕ್ಯಾನ್ ಸ್ಟ್ರೋಲ್ ಇನ್ ದ ಗಾರ್ಡನ್ ಅಂಡ್ ಅನ್‌ವೈಂಡ್ ಇನ್ ದ ಲೌಂಜ್.' ಸ್ಟ್ರೋಲ್ ಅಂದರೆ ಆರಾಮಾಗಿ ಅಡ್ಡಾಡೋದು. ಅನ್‌ವೈಂಡ್ ಅಂದರೆ ದಿನದ ಬಿಗಿ ಬಿಚ್ಚಿಕೊಳ್ಳೋದು, ಸುತ್ತಿದ ದಾರ ಬಿಚ್ಚುವ ಕ್ರಿಯೆಯಿಂದ ಬಂದ ಮಾತು. ಎರಡೂ ಆ ಅನುಭವ ಪಡೆಯುವವನ ಕಡೆಯಿಂದ ಹೇಳುವ ಪದಗಳು.

ಇದೇ ಗುಂಪಿನಲ್ಲಿ 'ಲೋಫ್' ಬಗ್ಗೆ ಕನ್ನಡದವರಿಗೆ ವಿಶೇಷವಾಗಿ ಹೇಳಬೇಕು. ನಮಗೆ ಲೋಫರ್ ಅಂದರೆ ಪೋಲಿ, ಕೆಟ್ಟವನು, ಅದು ಜಗಳದಲ್ಲಿ ಬರುವ ಪದ. ಹಾಗಾಗಿ 'ಲೋಫಿಂಗ್ ಅರೌಂಡ್' ಅಂತ ಓದಿದರೆ ನಮ್ಮವರು ಬೆಚ್ಚುತ್ತಾರೆ. ಅದು 1830ರ ದಶಕದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಪದ, ಮೂಲ ಖಚಿತವಿಲ್ಲ, ಅರ್ಥ ಕೆಲಸವಿಲ್ಲದೆ ತಿರುಗುವವನು ಅಂತಷ್ಟೇ. ಅಲ್ಲೂ ಒಂದು ಕಾಲಕ್ಕೆ ಅದಕ್ಕೆ ಕಳಂಕ ಇತ್ತು. ಫ್ಲಾರಿಡಾದ ಜಾಕ್ಸನ್‌ವಿಲ್ ನಗರದ ಕಾನೂನಿನಲ್ಲಿ ಹಿಡಿಯಬಹುದಾದವರ ಪಟ್ಟಿಯಲ್ಲಿ 'ಹ್ಯಾಬಿಚುವಲ್ ಲೋಫರ್ಸ್' ಅಂತ ಇತ್ತು, ಕಾರಣವಿಲ್ಲದೆ ಅಲೆಯುವವರು, ಅಡ್ಡಾಡುವವರು ಕೂಡ ಇದ್ದರು. 1972ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನೂ ಅಸ್ಪಷ್ಟ ಅಂತ ತೆಗೆದು ಹಾಕಿತು. ಇವತ್ತು ಅಲ್ಲಿ ಲೋಫರ್ ಅಂದರೆ ಹೆಚ್ಚಿನವರಿಗೆ ದಾರ ಕಟ್ಟುವ ರಗಳೆ ಇಲ್ಲದ ಶೂ, 1930ರ ದಶಕದಿಂದ ಬಳಕೆಯಲ್ಲಿದೆ. ಭಾನುವಾರ ಲೋಫ್ ಮಾಡಿದೆ ಅಂತ ತಮ್ಮ ಬಗ್ಗೆ ತಾವೇ ನಗುತ್ತಾ ಹೇಳಿಕೊಳ್ಳುತ್ತಾರೆ. ನೀವು ಬೇರೆಯವರ ಬಗ್ಗೆ ಬರೆಯುವಾಗ ಮಾತ್ರ ಬಿಟ್ಟುಬಿಡಿ.

ಹಾಗಾದರೆ ಧೈರ್ಯವಾಗಿ ಬಳಸೋಕೆ ಯಾವುದಿದೆ? ಬೇಕಾದಷ್ಟಿದೆ. 'ಲಿಂಗರ್' ನನಗೆ ತುಂಬ ಇಷ್ಟದ ಪದ. ಹೋಗಬೇಕಾದ ಹೊತ್ತಾದರೂ ಹೋಗೋಕೆ ಮನಸ್ಸಾಗದೆ ಇನ್ನೊಂದು ಸ್ವಲ್ಪ ಹೊತ್ತು ಇರೋದು. ಊಟ ಮುಗಿದರೂ ಮೇಜು ಬಿಟ್ಟು ಏಳದೆ ಮಾತಾಡುತ್ತಾ ಕೂರೋದು 'ಲಿಂಗರ್ ಓವರ್ ಡಿನ್ನರ್'. ವಾಸನೆಯೂ ಲಿಂಗರ್ ಆಗುತ್ತದೆ, ನೆನಪೂ ಆಗುತ್ತದೆ. ಆದರೆ 'ಲಿಂಗರಿಂಗ್ ಇಲ್‌ನೆಸ್' ಅಂದರೆ ಎಳೆದಾಡುವ ಕಾಯಿಲೆ, ಅದನ್ನು ನೆನಪಿಡಿ. ಇನ್ನೊಂದು, 'ಮಲಿಂಗರ್' ಅಂತ ಒಂದು ಪದ ಕಾಣುತ್ತದೆ. ಕೆಲಸ ತಪ್ಪಿಸೋಕೆ ಕಾಯಿಲೆಯ ನಾಟಕ ಮಾಡೋದು ಅಂತ ಅರ್ಥ. ನೋಡೋಕೆ ಒಂದೇ ಮನೆಯವರ ಥರ ಇದ್ದರೂ ಸಂಬಂಧ ಇಲ್ಲ. ಒಂದು 'ಲಾಂಗ್' ಪದದ ಬಳಗದ್ದು, ಇನ್ನೊಂದು ಫ್ರೆಂಚಿನಿಂದ ಬಂದದ್ದು.

'ಲೇಜ್' ಅಂದರೆ ಸೋಮಾರಿತನವನ್ನು ಖುಷಿಯಿಂದ ಅನುಭವಿಸೋದು. 'ಲೇಜಿ' ಅನ್ನೋದು ಬೈಗುಳ, ಅದರಿಂದಲೇ ಹುಟ್ಟಿದ 'ಲೇಜ್' ರಜೆಯ ಪದ. 'ಲೇಜಿ ಗೆಸ್ಟ್' ಅಂತ ಬರೆದರೆ ಅವಮಾನ, ಆದರೆ 'ಲೇಜಿ ಆಫ್ಟರ್‌ನೂನ್' ಅಂದರೆ ಹಿತ, ಯಾಕಂದರೆ ಮಧ್ಯಾಹ್ನವನ್ನು ಬೈಯೋಕಾಗಲ್ಲ ಅಲ್ವಾ. ಬಿಸಿಲಿಗೆ ಮೈಯೊಡ್ಡಿ ಕೂರೋದಕ್ಕೆ 'ಬಾಸ್ಕ್'. ಮನೆ, ತೋಟದಲ್ಲಿ ಅವಸರವಿಲ್ಲದೆ ಸಣ್ಣಪುಟ್ಟ ಕೆಲಸ ಮಾಡುತ್ತಾ ಓಡಾಡಿಕೊಂಡಿರೋದಕ್ಕೆ ಬ್ರಿಟನ್ನಿನಲ್ಲಿ 'ಪಾಟರ್', ಅಮೆರಿಕದಲ್ಲಿ 'ಪಟರ್'. ನಿವೃತ್ತಿ ಆದ ಹಿರಿಯರೊಬ್ಬರು ಬೆಳಿಗ್ಗೆ ಒಂದು ಕುಂಡ ಸರಿಸಿ, ಒಣಗಿದ ಎಲೆ ಚಿವುಟಿ, ಪೈಪು ಸುತ್ತಿಟ್ಟು, ಮತ್ತೆ ಅದೇ ಕುಂಡವನ್ನು ಮೊದಲಿನ ಜಾಗಕ್ಕೇ ತಂದಿಡುತ್ತಾರಲ್ಲ, ಅದು ಪಾಟರಿಂಗ್. ಒಳ್ಳೆಯ, ಪ್ರೀತಿಯ ಪದ. 'ಡಾಡಲ್' ಅಂದರೆ ಬೇಗ ಹೊರಡಬೇಕಾದಾಗ ಕಾಲೆಳೆಯೋದು, ಅದು ಮಕ್ಕಳಿಗೆ ತಾಯಿ ಹೇಳುವ ಮಾತು, ಅತಿಥಿಗಳಿಗೆ ಬೇಡ. 'ಸ್ಪ್ರಾಲ್' ಅಂದರೆ ಕೈಕಾಲು ಚೆಲ್ಲಿ ಬೀಳೋದು, 'ಸ್ಲೌಚ್' ಅಂದರೆ ಬೆನ್ನು ಬಾಗಿಸಿ ಕುಸಿದು ಕೂರೋದು, ಎರಡೂ ಮೈಯ ಭಂಗಿ. ಅವುಗಳನ್ನು ಜಾಹೀರಾತಿನಲ್ಲಿ ಬಳಸೋ ಸಂದರ್ಭ ಕಡಿಮೆ.

ಈಗ ನಾನು ಯಾರು ಸಿಕ್ಕರೂ ಹೇಳುವ ಒಂದು ವಿಷಯ. ಇಂಗ್ಲಿಷಿನಲ್ಲಿ ನಮ್ಮ 'ಸುಮ್ನೆ'ಯ ಕೆಲಸ ಮಾಡೋದು ಈ ದೊಡ್ಡ ಕ್ರಿಯಾಪದಗಳಲ್ಲ, 'ಅರೌಂಡ್' ಅನ್ನುವ ಪುಟ್ಟ ಪದ. ಬ್ರಿಟನ್ನಿನಲ್ಲಾದರೆ 'ಅಬೌಟ್' ಕೂಡ. ಸಿಟ್ ಅಂದರೆ ಕೂರು, 'ಸಿಟ್ ಅರೌಂಡ್' ಅಂದರೆ ಸುಮ್ನೆ ಕೂರು. ಲೈ ಅಂದರೆ ಮಲಗು, 'ಲೈ ಅರೌಂಡ್' ಅಂದರೆ ಸುಮ್ನೆ ಬಿದ್ದಿರು. ಮನುಷ್ಯರು ಮಾತ್ರವಲ್ಲ, ಬಟ್ಟೆ, ಪುಸ್ತಕಗಳೂ ಮನೆ ತುಂಬ ಲೈ ಅರೌಂಡ್ ಆಗುತ್ತವೆ. ಸ್ಟ್ಯಾಂಡ್, ಲೇಜ್, ಲೌಂಜ್, ಮೆಸ್, ಯಾವುದಕ್ಕೆ ಅಂಟಿಸಿದರೂ ಅದು ಗುರಿಯನ್ನು ತೆಗೆದುಹಾಕುತ್ತದೆ. ನಿಮ್ಮ ಭಾನುವಾರ ಹೇಗಿತ್ತು ಅಂತ ಕೇಳಿದರೆ 'ಐ ಜಸ್ಟ್ ಸ್ಯಾಟ್ ಅರೌಂಡ್ ಅಟ್ ಹೋಮ್' ಅನ್ನಿ, ಸಾಕು.

ಇದರ ಬದಲು ನಮ್ಮಲ್ಲಿ ಜಾಸ್ತಿ ಕೇಳಿಬರೋದು 'ಐ ವಾಸ್ ಸಿಂಪ್ಲಿ ಸಿಟಿಂಗ್'. ಅದು ಸುಮ್ನೆ ಅನ್ನೋದನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಇಟ್ಟದ್ದು. ನಮ್ಮೊಳಗೆ ಮಾತಾಡುವಾಗ ಎಲ್ಲರಿಗೂ ಅರ್ಥವಾಗುತ್ತದೆ, ಅದರಲ್ಲಿ ತಪ್ಪು ಹುಡುಕೋಕೆ ನಾನು ಹೋಗಲ್ಲ. ಆದರೆ ಹೊರಗಿನ ಓದುಗರಿಗೆ ಅದು ಆರೋಪಕ್ಕೆ ಉತ್ತರ ಕೊಟ್ಟ ಹಾಗೆ ಕೇಳುತ್ತದೆ: 'ನಾನು ಬರೀ ಕೂತಿದ್ದೆ ಅಷ್ಟೇ, ಬೇರೇನೂ ಮಾಡಲಿಲ್ಲ' ಅಂತ. 'ಐ ಟುಕ್ ರೆಸ್ಟ್' ಕೂಡ ಹೀಗೇ. ನಮಗೆ ರೆಸ್ಟ್ ತಗೊಳ್ಳೋದು ಅಂದರೆ ಆರಾಮಾಗಿ ಇರೋದು. ಅವರಿಗೆ ರೆಸ್ಟ್ ಅಂದರೆ ಆಯಾಸಕ್ಕೋ ಕಾಯಿಲೆಗೋ ಮದ್ದು, 'ಮೈಗೆ ಹುಷಾರಿರಲಿಲ್ವಾ?' ಅಂತ ಕೇಳುತ್ತಾರೆ. 'ಟೈಮ್‌ಪಾಸ್' ಭಾರತದ ಹೊರಗೆ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅದರ ಬದಲು 'ಕಿಲ್ಲಿಂಗ್ ಟೈಮ್' ಅಂತ ಬರೆಯೋರಿದ್ದಾರೆ, ಅದೂ ಸರಿಹೋಗಲ್ಲ. ಟೈಮ್ ಕಿಲ್ ಮಾಡೋದು ಯಾವುದಕ್ಕೋ ಕಾಯುತ್ತಾ ಬೇಜಾರಾದಾಗ. ರಜೆಗೆ ಬಂದವರು ಟೈಮ್ ಕಿಲ್ ಮಾಡುತ್ತಿದ್ದಾರೆ ಅಂದರೆ ಆ ಜಾಗದಲ್ಲಿ ನೋಡೋಕೆ ಏನೂ ಇಲ್ಲ ಅಂತಾಗುತ್ತದೆ.

'ಹ್ಯಾಂಗ್ ಔಟ್' ಮತ್ತು 'ಹ್ಯಾಂಗ್ ಅರೌಂಡ್' ನಡುವೆಯೂ ಇದೇ ಥರ ಒಂದು ಗೆರೆ ಇದೆ. ಗೆಳೆಯರ ಜೊತೆ ಕೂತು ಹರಟೋದು ಹ್ಯಾಂಗ್ ಔಟ್. ಅಂಗಡಿ ಮುಂದೆ ಯಾರೋ ಹ್ಯಾಂಗ್ ಅರೌಂಡ್ ಮಾಡುತ್ತಿದ್ದಾರೆ ಅಂದರೆ ಯಾಕೆ ಅಂತ ಸಣ್ಣ ಅನುಮಾನ. ತಡವಾಗಿ ಏಳೋದರಲ್ಲೂ ಹೀಗೆ: ಬೇಕಂತಲೇ ಮಲಗಿದ್ದರೆ ಅಮೆರಿಕದವರು 'ಸ್ಲೀಪ್ ಇನ್' ಅನ್ನುತ್ತಾರೆ, ಬ್ರಿಟನ್ನಿನವರು 'ಲೈ ಇನ್'. ಅಲಾರಂ ಕೇಳಿಸದೆ ತಡವಾದರೆ 'ಓವರ್‌ಸ್ಲೀಪ್'. ಅಂದಹಾಗೆ ಲೈ, ಲೇ ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ, ನಿಮ್ಮ ಕೆಲಸದಲ್ಲಿ ಇದು ದಿನಾ ಬರುತ್ತದೆ. ತಾನೇ ಮಲಗೋದು 'ಲೈ', ಅದರ ಭೂತಕಾಲ 'ಲೇ'. ಬೇರೆ ವಸ್ತುವನ್ನು ಇಡೋದು 'ಲೇ', ಅದರ ಭೂತಕಾಲ 'ಲೇಯ್ಡ್'. ಹಾಗಾಗಿ 'ನಿನ್ನೆ ಸೋಫಾ ಮೇಲೆ ಮಲಗಿದೆ' ಅನ್ನೋಕೆ 'ಐ ಲೇ ಆನ್ ದ ಸೋಫಾ'. ಇಂಗ್ಲಿಷ್ ಮನೆಮಾತಿನವರೂ ಮಾತಲ್ಲಿ ಇದನ್ನು ತಪ್ಪುತ್ತಾರೆ, ಆದರೆ ಅಚ್ಚಿಗೆ ಹೋಗುವ ಬರಹದಲ್ಲಿ ಸರಿಯಾಗಿರಲಿ.

ಮೂಲ ಗೊತ್ತಿದ್ದರೆ ಅನುಕೂಲವಾ ಅಂತ ಕೇಳಿದ್ದೀರಿ. ಪದ ನೆನಪಿಟ್ಟುಕೊಳ್ಳೋಕೆ ಅನುಕೂಲ, ಬಳಸೋಕೆ ಅಷ್ಟಾಗಿ ಇಲ್ಲ. ಮೂಲ ನೂರಾರು ವರ್ಷ ಹಿಂದಿನದು, ಓದುಗರು ಇವತ್ತಿನವರು. ಜೊತೆಗೆ ಆರಾಮಿನ ಪದಗಳ ಸುತ್ತ ಕಟ್ಟುಕಥೆ ತುಂಬ. ನೀವು ಓದಿದ ಸ್ಪಾ ಕಥೆ ಅದರಲ್ಲಿ ಒಂದು. 'ಸಾಲುಸ್ ಪೆರ್ ಆಕ್ವಾಮ್', ನೀರಿನಿಂದ ಆರೋಗ್ಯ ಅನ್ನುವ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅಂತ ಎಷ್ಟೋ ಬ್ರೋಷರ್‌ಗಳಲ್ಲಿ ಬರೆದಿರುತ್ತಾರೆ. ನಿಜ ಅಲ್ಲ. ಬೆಲ್ಜಿಯಂ ದೇಶದಲ್ಲಿ ಸ್ಪಾ ಅಂತಲೇ ಒಂದು ಊರಿದೆ, ಅಲ್ಲಿ ಖನಿಜ ನೀರಿನ ಚಿಲುಮೆಗಳಿವೆ, ಅದರ ಹೆಸರೇ ಅಂಥ ಎಲ್ಲ ಜಾಗಗಳಿಗೂ ಬಂತು. ಮೊದಲಕ್ಷರ ಸೇರಿಸಿ ಪದ ಮಾಡುವ ರೂಢಿ ಹೆಚ್ಚಾಗಿ 20ನೇ ಶತಮಾನದ್ದು. ಹಳೆಯ ಪದಕ್ಕೆ ಯಾರಾದರೂ ಇಂಥ ಕಥೆ ಹೇಳಿದರೆ ಅನುಮಾನ ಪಡಿ. ಈ ಕಥೆಯನ್ನು ದಯವಿಟ್ಟು ನಿಮ್ಮ ಪರಿಚಯಗಳಲ್ಲಿ ಸೇರಿಸಬೇಡಿ, ತಿಳಿದವರು ಓದಿದರೆ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ಆರಾಮಾಗಿ ನಡೆಯೋದಕ್ಕೆ 'ಸಾಂಟರ್' ಅಂತ ಒಂದು ಪದವಿದೆ, ಅದು 'ಪುಣ್ಯಭೂಮಿ' ಅನ್ನುವ ಫ್ರೆಂಚ್ ಮಾತಿನಿಂದ, ತೀರ್ಥಯಾತ್ರೆಗೆ ಹೊರಟವರಿಂದ ಬಂತು ಅನ್ನೋದೂ ಹೀಗೇ ಹಬ್ಬಿದ ಕಥೆ. ನಿಜವಾದ ಮೂಲ ತಿಳಿದಿಲ್ಲ.

ಲೌಂಜ್ ಕೂಡ ಅಷ್ಟೇ. 16ನೇ ಶತಮಾನದಿಂದ ಈ ಕ್ರಿಯಾಪದ ಇದೆ. ಮೈ ಚಾಚು ಅನ್ನುವ ಫ್ರೆಂಚ್ ಪದದಿಂದ ಬಂದಿರಬಹುದು ಅಂತ ಒಂದು ಊಹೆ, ಅದು ನಿಜವಾದರೆ ನೀವು ಓದಿದ 'ಲಾಂಗ್' ಕಡೆಗೇ ಹೋಗುತ್ತದೆ. ಏಸುವನ್ನು ಈಟಿಯಿಂದ ತಿವಿದನು ಅಂತ ಐತಿಹ್ಯ ಹೇಳುವ ಲಾಂಜೈನಸ್ ಅನ್ನುವ ಸೈನಿಕನ ಹೆಸರು ಹಳೆಯ ಫ್ರೆಂಚಿನಲ್ಲಿ ಮಂದಗಾಮಿ, ತೂಕಡಿಸುವವನು ಅನ್ನೋದಕ್ಕೆ ಬಳಕೆಯಾಗಿ ಅಲ್ಲಿಂದ ಬಂತು ಅಂತ ಇನ್ನೊಂದು ಊಹೆ. ತೀರ್ಮಾನ ಆಗಿಲ್ಲ. ಗೊಂದಲ ಹೆಚ್ಚಿಸೋಕೆ, ಕಾಲು ಚಾಚಿ ಕೂರುವ ಉದ್ದ ಕುರ್ಚಿಗೆ ಫ್ರೆಂಚಿನಲ್ಲಿ 'ಶೇಜ್ ಲಾಂಗ್' ಅನ್ನುತ್ತಾರೆ, ಅಂದರೆ ಉದ್ದ ಕುರ್ಚಿ ಅಂತಲೇ. ಅದರ ಎರಡನೇ ಪದವನ್ನು ಇಂಗ್ಲಿಷಿನವರು ಲೌಂಜ್ ಅಂತ ಓದಿಕೊಂಡು 'ಶೇಜ್ ಲೌಂಜ್' ಮಾಡಿಬಿಟ್ಟರು. ಅಕ್ಷರಗಳೂ ಹತ್ತಿರ, ಅರ್ಥವೂ ಹೊಂದುತ್ತದೆ. ಅಮೆರಿಕದ ನಿಘಂಟುಗಳಲ್ಲಿ ಇದಕ್ಕೆ ಜಾಗ ಸಿಕ್ಕಿದೆ. ಬ್ರಿಟನ್ನಿನ ಓದುಗರಿಗೆ ಬರೆಯುವಾಗ ಹಳೆಯ ರೂಪವನ್ನೇ ಇಟ್ಟುಕೊಳ್ಳಿ.

ಜಾಗಗಳ ಹೆಸರಲ್ಲಿ ಬೈಗುಳದ ಭಯ ಇಲ್ಲ, ಆದರೆ ದೇಶ ಬದಲಾದರೆ ಅರ್ಥ ಬದಲಾಗುತ್ತದೆ. ಲೌಂಜ್ ಅಂದರೆ ಬ್ರಿಟನ್ನಿನಲ್ಲಿ ಮನೆಯ ನಡುಕೋಣೆಯೂ ಆಗಬಹುದು. ಅಮೆರಿಕದವರು ಅದಕ್ಕೆ 'ಲಿವಿಂಗ್ ರೂಮ್' ಅನ್ನುತ್ತಾರೆ, ಅವರಿಗೆ ಲೌಂಜ್ ಅಂದರೆ ಹೋಟೆಲಿನದೋ ವಿಮಾನ ನಿಲ್ದಾಣದ್ದೋ. ಲಾಬಿ ಅಂದರೆ ಒಳಗೆ ಬಂದ ಕೂಡಲೇ ಸಿಗುವ ದೊಡ್ಡ ಜಾಗ, ಕೀ ಕೊಡುವ ಮೇಜು ಇರೋದು ಅಲ್ಲಿ. ಕೂತು ಕಾಯಬಹುದು, ಆದರೆ ಅದರ ಉದ್ದೇಶ ಹಾದುಹೋಗೋದು. ರಾಜಕೀಯದ 'ಲಾಬಿ' ಬಂದದ್ದೂ ಇದರಿಂದಲೇ, ಶಾಸನಸಭೆಗಳ ಹೊರಗಿನ ಆ ಜಾಗದಲ್ಲಿ ಕಾದು ಸದಸ್ಯರನ್ನು ಹಿಡಿದು ಮಾತಾಡುತ್ತಿದ್ದರಿಂದ. ಫಾಯರ್ ಸುಮಾರು ಅದೇ ಥರದ್ದು, ರಂಗಮಂದಿರಗಳಿಗೆ ಹೆಚ್ಚು, ಫ್ರೆಂಚಿನಲ್ಲಿ ಒಲೆ ಉರಿಯುವ ಜಾಗ ಅಂತ ಅರ್ಥ. ಪಾರ್ಲರ್ ಅನ್ನೋದು ಫ್ರೆಂಚಿನ 'ಮಾತಾಡು'ವಿನಿಂದ ಬಂತು, ಸನ್ಯಾಸಿಗಳ ಮಠದಲ್ಲಿ ಮಾತಾಡೋಕೆ ಅಂತ ಇದ್ದ ಕೋಣೆ. ಆಮೇಲೆ ಮನೆಗಳ ಅತಿಥಿ ಕೋಣೆಗೆ ಬಂತು, ಈಗ ಐಸ್‌ಕ್ರೀಮ್, ಬ್ಯೂಟಿ ಅಂತ ಅಂಗಡಿಗಳಲ್ಲೇ ಹೆಚ್ಚು ಉಳಿದಿದೆ. ಮನೆಯ ಕೋಣೆಗೆ ಹಾಗೆ ಅಂದರೆ ಹಳೆ ಕಾಲದ ಛಾಯೆ. ಡ್ರಾಯಿಂಗ್ ರೂಮಿಗೂ ಚಿತ್ರ ಬರೆಯೋದಕ್ಕೂ ಸಂಬಂಧ ಇಲ್ಲ. ಅದು 'ವಿತ್‌ಡ್ರಾಯಿಂಗ್ ರೂಮ್', ಎಲ್ಲರ ನಡುವಿನಿಂದ ಎದ್ದು ಹೋಗಿ ಖಾಸಗಿಯಾಗಿ ಕೂರುವ ಕೋಣೆ, ಮುಂದಿನ ಭಾಗ ಉದುರಿಹೋಯಿತು.

ಒಂದು ಕಡೆ ಮಾತ್ರ ಎಚ್ಚರ ಇರಲೇಬೇಕು. 'ರೆಸ್ಟ್‌ರೂಮ್' ಅಂತ ಎಲ್ಲೂ ವಿಶ್ರಾಂತಿ ಕೋಣೆಗೆ ಬರೆಯಬೇಡಿ. ಅಮೆರಿಕದ ಇಂಗ್ಲಿಷಿನಲ್ಲಿ ಅದು ಶೌಚಾಲಯ. 'ಆರಾಮಾದ ರೆಸ್ಟ್‌ರೂಮಿನಲ್ಲಿ ಸಂಜೆ ಕಳೆಯಿರಿ' ಅನ್ನುವಂಥ ವಾಕ್ಯಗಳನ್ನು ನಾನು ತಿದ್ದಿದ್ದೇನೆ, ಪಾಪ ಬರೆದವರಿಗೆ ಗೊತ್ತೇ ಇರಲಿಲ್ಲ.

ಸೋಫಾ, ಕೌಚ್ ಇವತ್ತು ಒಂದೇ. ಅಮೆರಿಕದಲ್ಲಿ ಕೌಚ್ ಜಾಸ್ತಿ, ಬ್ರಿಟನ್ನಿನಲ್ಲಿ ಸೋಫಾ ಜಾಸ್ತಿ, ಅಲ್ಲಿ 'ಸೆಟೀ' ಅನ್ನೋರೂ ಇದ್ದಾರೆ. ಹುಟ್ಟು ಬೇರೆ ಬೇರೆ: ಕೌಚ್ ಫ್ರೆಂಚಿನ 'ಮಲಗು'ವಿನಿಂದ, ಸೋಫಾ ಅರಬ್ಬಿಯ 'ಸುಫ್ಫಾ'ದಿಂದ, ಮೊದಲು ಅದು ರತ್ನಗಂಬಳಿ ಹಾಸಿದ ಎತ್ತರದ ಕಟ್ಟೆ. ಇದರಲ್ಲಿ ನಮಗೆ ಹತ್ತಿರದ್ದು ದಿವಾನ. ಕೂರೋಕೆ, ಮಲಗೋಕೆ ಬಳಸುವ ಬೆನ್ನಿಲ್ಲದ ಆಸನಕ್ಕೆ ಇಂಗ್ಲಿಷಿನಲ್ಲಿ 'ಡಿವ್ಯಾನ್', ರಾಜ್ಯ ನಡೆಸುವ ಮಂತ್ರಿಗೆ ನಾವು ದಿವಾನರು ಅನ್ನುತ್ತೇವೆ, ಎರಡೂ ಒಂದೇ ಪದ. ಪರ್ಷಿಯನ್ನಿನಲ್ಲಿ ಅದು ಮೊದಲು ಬರಹದ ಕಡತ, ಲೆಕ್ಕದ ಪುಸ್ತಕ. ಆಮೇಲೆ ಆ ಲೆಕ್ಕ ನೋಡುವ ಕಚೇರಿ, ಸಭೆ, ಅಲ್ಲಿಂದ ಸಭೆ ನಡೆಯುವ ಕೋಣೆ, ಕೊನೆಗೆ ಆ ಕೋಣೆಯ ಗೋಡೆಗೆ ಒರಗಿಸಿ ಹಾಕಿದ ಮೆತ್ತನೆ ಆಸನ. ಅದೇ ದಾರಿಯಲ್ಲಿ ಒಂದು ಕವಲು ಕಚೇರಿಯಿಂದ ಅಧಿಕಾರಿಯ ಕಡೆಗೆ ಹೋಯಿತು. ಬ್ರಿಟನ್ನಿನ ಓದುಗರಿಗೆ ಡಿವ್ಯಾನ್ ಅಂದರೆ ಈಗ ಕೆಳಗೆ ಪೆಟ್ಟಿಗೆ ಇರುವ ಮಂಚ, ಅದನ್ನೂ ಗಮನದಲ್ಲಿಡಿ.

ಇಷ್ಟಾದ ಮೇಲೆ ನಿಮ್ಮ ಮುಂದೆ ಇರುವ ದಾರಿ ಯಾವುದು? ರಿಲ್ಯಾಕ್ಸ್ ಒಂದನ್ನೇ ಹಿಡಿದು ಕೂತರೆ ತಪ್ಪಾಗಲ್ಲ, ಆದರೆ ಓದುಗರ ಕಣ್ಣ ಮುಂದೆ ಏನೂ ಮೂಡಲ್ಲ. ಅದರಲ್ಲೂ ಒಂದು ಅಪಾಯ ಇದೆ, ಸಿಟ್ಟಲ್ಲಿರುವ ಗ್ರಾಹಕರಿಗೆ ಮೇಲ್ ಬರೆಯುವಾಗ 'ಪ್ಲೀಸ್ ರಿಲ್ಯಾಕ್ಸ್' ಅಂದರೆ ಅದು ಸಮಾಧಾನ ಅಲ್ಲ, 'ಸುಮ್ನಿರಿ' ಅಂದ ಹಾಗೆ. 'ಚಿಲ್' ಅಂತೂ ಗೆಳೆಯರೊಳಗೆ ಮಾತ್ರ. ಅರೌಂಡ್ ಸೇರಿದ ಮಾತುಗಳು ಮಾತಿಗೆ, ಹರಟೆಗೆ ತುಂಬ ಚೆನ್ನಾಗಿವೆ. ಪರಿಚಯ ಬರಹದಲ್ಲಿ ಜಾಸ್ತಿ ಬಂದರೆ ಸಡಿಲ ಅನಿಸುತ್ತದೆ, ದುಡ್ಡು ಕೊಟ್ಟು ಬರುವವರಿಗೆ 'ಸುಮ್ನೆ ಬಿದ್ದಿರಿ' ಅನ್ನೋಕಾಗಲ್ಲ. ಬಾಸ್ಕ್, ಲಿಂಗರ್, ಅನ್‌ವೈಂಡ್ ಥರದ ಬಣ್ಣದ ಪದಗಳು ಒಂದು ಪುಟಕ್ಕೆ ಒಂದೆರಡು ಸಾಕು, ಮೂರನೆಯದು ಬಂದರೆ ಎಲ್ಲ ಜಾಹೀರಾತುಗಳ ಹಾಗೇ ಕೇಳೋಕೆ ಶುರುವಾಗುತ್ತದೆ.

ನನ್ನನ್ನು ಕೇಳಿದರೆ, ಹೆಚ್ಚಿನ ಕಡೆ ಆರಾಮು ಅನ್ನುವ ಪದವೇ ಬೇಡ. ಆ ಜಾಗದಲ್ಲಿ ಮನುಷ್ಯ ನಿಜವಾಗಿ ಏನು ಮಾಡುತ್ತಾನೆ ಅಂತ ಬರೆಯಿರಿ. ಮರದ ಕೆಳಗೆ ಎರಡು ಹ್ಯಾಮಕ್ ಕಟ್ಟಿದೆ, ವೆರಾಂಡಾದಲ್ಲಿ ಕೂತರೆ ಸಂಜೆ ಕೆರೆ ಕಾಣುತ್ತದೆ, ಪುಸ್ತಕದ ಕಪಾಟು ಯಾವಾಗಲೂ ತೆರೆದಿರುತ್ತದೆ. ಇಷ್ಟು ಹೇಳಿದರೆ ರಿಲ್ಯಾಕ್ಸ್ ಅಂತ ಹೇಳಲೇಬೇಕಿಲ್ಲ, ಪದದ ಛಾಯೆ ತಪ್ಪುವ ಭಯವೂ ಇಲ್ಲ. ಇದರ ಕಷ್ಟ ಒಂದೇ, ಜಾಗ ನೋಡಿರಬೇಕು, ಇಲ್ಲವೇ ನೋಡಿದವರನ್ನು ಸರಿಯಾಗಿ ಕೇಳಿ ತಿಳಿದಿರಬೇಕು. ಫೋಟೋ ನೋಡಿ ಕಲ್ಪಿಸಿ ಬರೆದರೆ ಬಂದವರು ಹ್ಯಾಮಕ್ ಎಲ್ಲಿ ಅಂತ ಕೇಳುತ್ತಾರೆ. ಸಮಾನಾರ್ಥಕ ಪಟ್ಟಿಯನ್ನು ಎಸೆಯಬೇಡಿ, ಆದರೆ ಅಲ್ಲಿಂದ ತೆಗೆದ ಹೊಸ ಪದವನ್ನು ನೇರವಾಗಿ ವಾಕ್ಯಕ್ಕೆ ಹಾಕಬೇಡಿ. ಉದಾಹರಣೆ ವಾಕ್ಯ ಕೊಡುವ ನಿಘಂಟಿನಲ್ಲಿ ನಾಲ್ಕೈದು ವಾಕ್ಯ ಓದಿ. ಪೊಲೀಸು, ದೂರು, ಬೈಗುಳ ಪದೇಪದೇ ಕಂಡರೆ ಬಿಡಿ. ರಜೆ, ಬಿಸಿಲು, ಊಟ, ಗೆಳೆಯರು ಕಂಡರೆ ತಗೊಳ್ಳಿ.

ಇನ್ನು ಲೆಷರ್, ಲೀಷರ್. ಎರಡೂ ಸರಿ. ಬ್ರಿಟನ್ನಿನಲ್ಲಿ ಮೊದಲ ಸ್ವರ ಗಿಡ್ಡ, 'ಪ್ಲೆಷರ್' ಜೊತೆ ಪ್ರಾಸ ಕೂಡುತ್ತದೆ. ಅಮೆರಿಕದಲ್ಲಿ ಹೆಚ್ಚಾಗಿ ಉದ್ದ. ಶಾಲೆಯಲ್ಲಿ ನಾವೆಲ್ಲ ಹೇಳುತ್ತಿದ್ದ 'ಲೀಜರ್ ಪೀರಿಯಡ್' ಅದೇ ಪದ, ಮಧ್ಯದ ಧ್ವನಿ ಮಾತ್ರ ಜ ಅಲ್ಲ, 'ಟೆಲಿವಿಷನ್' ಅನ್ನುವಾಗ ಇಂಗ್ಲಿಷಿನವರ ಬಾಯಲ್ಲಿ ನಡುವೆ ಬರುತ್ತಲ್ಲ, ಅದು. ಲ್ಯಾಟಿನ್ನಿನ 'ಅನುಮತಿ ಇರು' ಅನ್ನುವ ಪದ ಅದರ ಬೇರು, ಲೈಸೆನ್ಸ್ ಕೂಡ ಅದೇ ಬೇರಿನದು. ನಿಮ್ಮ ಗ್ರಾಹಕರು ಯಾವ ಕಡೆಯವರೋ ಅವರ ಹಾಗೆ ಹೇಳಿ, ಬರೆಯುವಾಗ ಅಕ್ಷರ ಎರಡೂ ಕಡೆ ಒಂದೇ.